ಕುಂತು ಉಣ್ಣೋದಿದ್ರ ಬರ್ರಿ

"ಇವತ್ತೂ ಪಾರ್ಸೆಲ್ಲೇನ್ರೀ?" ಎಂದು ಕಲಾವತಿ ಕೇಳಿದಾಗ ಮುನಿರಾಜು ತಲೆ ತಗ್ಗಿಸಿದ.

ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವಳ ಖಾನಾವಳಿ. ಗಂಡ ತೀರಿಕೊಂಡ ಮೇಲೆ ಗದಗದಿಂದ ಒಬ್ಬಳೇ ಬಂದು, ರೊಟ್ಟಿ ಬಡಿದು ಬದುಕು ಕಟ್ಟಿಕೊಂಡವಳು. ಮುನಿರಾಜು ಅದೇ ಬೀದಿಯ ಹಳೇ ಮನೆತನದವನು. ನಲವತ್ತೈದು ದಾಟಿದರೂ ಮದುವೆಯಾಗಿರಲಿಲ್ಲ. ಅಮ್ಮ ಯಶೋದಮ್ಮ ತೋರಿಸಿದ ಹೆಣ್ಣುಗಳನ್ನೆಲ್ಲ ಬೇಡವೆಂದಿದ್ದ. ಬೇಕಾದವಳು ಯಾರೆಂದು ಮಾತ್ರ ಬಾಯಿಬಿಟ್ಟಿರಲಿಲ್ಲ.

"ಒಳಗ ಜಾಗ ಐತಲ್ಲ. ಯಾರರ ನೋಡ್ತಾರಂತ ಅಂಜಿಕಿ ಏನು?" ಅವಳ ಕಣ್ಣಂಚಿನಲ್ಲಿ ನಗು.

"ಹಂಗೇನಿಲ್ಲ... ಸ್ವಲ್ಪ ಅರ್ಜೆಂಟು."

"ಎರಡು ವರ್ಷದಿಂದ ಅರ್ಜೆಂಟ್ ಏನ್ರೀ!" ನಗು ಮಾಯವಾಯಿತು. "ನಾಳಿಂದ ನಿಮಗ ಪಾರ್ಸೆಲ್ ಇಲ್ಲ. ಕುಂತು ಉಣ್ಣೋದಿದ್ರ ಬರ್ರಿ."

ಮರುದಿನ ಅವನು ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಕೆಳಗಿನ ಮಹಡಿಗಳಲ್ಲಿ ಬಾಡಿಗೆದಾರರ ಮಕ್ಕಳ ಗಲಾಟೆ, ಕುಕ್ಕರಿನ ಸದ್ದು. ಮೇಲಿನ ಮನೆಯಲ್ಲಿ ಅವನು, ಅಮ್ಮ, ಟೀವಿ. ಅಮ್ಮ ಬಡಿಸಿದ್ದನ್ನು ಅರ್ಧಕ್ಕೇ ಬಿಟ್ಟು ಎದ್ದ. 'ಇವತ್ಯಾಕ ತಡಾ ಮಾಡಿದ್ರಿ?' ಎಂದು ಕೇಳುವವರು ಇಷ್ಟು ದೊಡ್ಡ ಊರಿನಲ್ಲಿ ಅವಳೊಬ್ಬಳೇ ಇದ್ದಳೆಂದು ಆಗ ಹೊಳೆಯಿತು.

"ಅಮ್ಮ, ಖಾನಾವಳಿ ಕಲಾವತಿನ ಮದುವೆ ಆಗ್ಬೇಕು ಅಂತಿದೀನಿ."

ಯಶೋದಮ್ಮ ಟೀವಿ ಆರಿಸಿದರು. "ಅವಳು ನಮ್ಮೋರಲ್ಲ. ಮೇಲಾಗಿ ಗಂಡ ಸತ್ತೋಳು. ನೆಂಟರಿಗೆ ಏನಂತ ಹೇಳ್ಲೋ?"

"ನೆಂಟರು ಏನಂತಾರೋ ಅಂತ್ಲೇ ಇಷ್ಟು ವರ್ಷ ಒಬ್ನೇ ಕೂತೆ. ಇನ್ನಾಗಲ್ಲಮ್ಮ."

ಅಮ್ಮ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಅವನು ಹೊರಗೆ ಸ್ವಲ್ಪ ಹೊತ್ತು ಕಾದ. ಬಾಗಿಲು ತೆರೆಯಲಿಲ್ಲ. ಚಪ್ಪಲಿ ಮೆಟ್ಟಿ ಹೊರಟ.

ಖಾನಾವಳಿಯಲ್ಲಿ ಮಧ್ಯಾಹ್ನದ ರಶ್ ಮುಗಿದಿತ್ತು. ಬೀದಿಗೆ ಕಾಣುವ ಮೇಜಿನ ಬಳಿಯೇ ಕೂತ. ಎದುರಿನ ಅಂಗಡಿಯಿಂದ ಚಿಕ್ಕಪ್ಪ ಕತ್ತು ಚಾಚಿ ನೋಡಿದರು. ಇವನು ಮುಖ ತಿರುಗಿಸಲಿಲ್ಲ. ಕಲಾವತಿ ತಟ್ಟೆ ತಂದಿಟ್ಟಳು.

"ಮನೇಲಿ ಹೇಳ್ದೆ. ನಿಮ್ಮನ್ನ ಮದುವೆ ಆಗ್ತೀನಿ ಅಂತ."

"ನನ್ನ ಕೇಳಲಾರದನ?"

ಅವನು ತಬ್ಬಿಬ್ಬಾದ. "ಈಗ... ಈಗ ಕೇಳ್ತಾ ಇದೀನಿ."

"ಅವ್ವಾರು ಒಪ್ಪಿದ್ರೇನು?"

"ಇಲ್ಲ."

ಅವಳು ಬೀದಿಯತ್ತ ನೋಡುತ್ತ ಪಕ್ಕದ ಮೇಜು ಒರೆಸತೊಡಗಿದಳು. ತಟ್ಟೆಗೆ ಕೈ ಹಾಕಲು ಹೋದವನು ತಡೆದು ಕೇಳಿದ: "ನಿಮ್ದು ಊಟ ಆಯ್ತಾ?"

ಕಲಾವತಿಯ ಕಣ್ಣು ತುಂಬಿತು. "ಈ ಊರಿಗೆ ಬಂದ ಮ್ಯಾಲ ಇದನ್ನ ನನಗ ಯಾರೂ ಕೇಳಿದ್ದಿಲ್ಲ ನೋಡ್ರಿ," ಎಂದಳು. ಒಳಗೆ ಹೋಗಿ ತನಗೂ ಒಂದು ತಟ್ಟೆ ಬಡಿಸಿಕೊಂಡು ಬಂದು, ಅವನೆದುರಿಗೆ ಕೂತಳು.