ನವೆಂಬರ್ ಆರಕ್ಕೆ ನಿಂತ ಸರ್ವರ್

2025ರ ನವೆಂಬರ್ 18, ಮಂಗಳವಾರ. ಮಧ್ಯಾಹ್ನ 12.40ಕ್ಕೆ ಬ್ಯಾಡಗಿ ಠಾಣೆಗೆ ಬಂದ ಯಲ್ಲೇಶ ದೂರು ಬರೆಸುವಾಗಲೂ ಹೆಂಡತಿಯ ಚಪ್ಪಲಿಗಳನ್ನು ಕೈಯಲ್ಲೇ ಹಿಡಿದುಕೊಂಡಿದ್ದ. ಹೆಂಡತಿ ಮೈಲವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸದವಳು. ಜ್ವರವೆಂದು ಊರಿನ ಖಾಸಗಿ ಆಸ್ಪತ್ರೆಗೆ ನಡೆದುಕೊಂಡೇ ಹೋಗಿದ್ದಳು. 10.05ಕ್ಕೆ ಇಂಜೆಕ್ಷನ್ ಮಾಡಿದ ಎರಡೇ ನಿಮಿಷದಲ್ಲಿ ಉಸಿರು ಕಟ್ಟಿ ಬಿದ್ದಳು. ಈಗ ಅದೇ ಆಸ್ಪತ್ರೆಯ ಹಾವೇರಿ ಶಾಖೆಯಲ್ಲಿ ವೆಂಟಿಲೇಟರ್ ಮೇಲಿದ್ದಳು.

"ಹ್ವಾದ ವಾರ ಇದೇ ಸೂಜಿಗೆ ಮೈಯೆಲ್ಲಾ ದದ್ದು ಎದ್ದಿದ್ವು ಅಂತ ಹೇಳಿದ್ನಿರಿ. ಸಿಸ್ಟರ್ ಕಂಪ್ಯೂಟರ್ ನೋಡಿ, ಇದರಾಗ ಏನೂ ಇಲ್ಲ, ನೀ ಬ್ಯಾರೆ ದವಾಖಾನಿ ನೆನಸಾಕತ್ತೀಯಪಾ ಅಂದ್ರು."

"ನೀ ಏನಂದಿ?" ಹೆಡ್ ಕಾನ್‌ಸ್ಟೇಬಲ್ ಡಾಕಪ್ಪ ಕೇಳಿದ.

"ಏನನ್ಲಿ ಸಾಹೇಬ್ರ? ಕಂಪ್ಯೂಟರ್ ಹೇಳಿದ್ರ ಖರೇನ ಇರಬೇಕು ಅನಕೊಂಡೆ."

ಇನ್ಸ್‌ಪೆಕ್ಟರ್ ಶ್ವೇತಾ ಎಫ್‌ಐಆರ್ ದಾಖಲಿಸಿ, 3.15ಕ್ಕೆ ಹಾವೇರಿ ತಲುಪಿದರು. ಆಸ್ಪತ್ರೆಯ ಮೂರೂ ಶಾಖೆಗಳ ಕಂಪ್ಯೂಟರ್ ನೋಡಿಕೊಳ್ಳುವ ಜಾವೇದನ ಅಂಗಿ ಬೆವರಿನಲ್ಲಿ ತೊಯ್ದಿತ್ತು.

"ಅಲರ್ಜಿ ಬರದದ್ದು ಐತೋ ಇಲ್ಲೋ?"

"ಐತ್ರಿ ಮೇಡಂ. ನವೆಂಬರ್ 11ಕ್ಕ ಬರದಾರ. ಆದರ ಮೂರೂ ಶಾಖೆ ನೋಡೂ ಇಲ್ಲಿನ ಸರ್ವರ್ ಇವತ್ತು 9.20ಕ್ಕ ಬಂದ್ ಬಿತ್ತು. ಈಗಷ್ಟೇ ಚಾಲೂ ಆತು. ಇಲ್ಲಿ ಬರದದ್ದೆಲ್ಲಾ ಆಗಿಂದಾಗ ರಾಣೆಬೆನ್ನೂರಿನ ಸ್ಟ್ಯಾಂಡ್‌ಬೈ ಸರ್ವರಿಗೂ ಹೋಗ್ತದ. ಇದು ಕೆಟ್ಟರ ಅದು ಕೆಲಸ ಹಿಡೀತದ. ಮುಂಜಾನೆ ಹಿಡೀತು. ಆದರ ಅದು ಹನ್ನೆರಡು ದಿನ ಹಿಂದ ಇತ್ರಿ."

"ಹನ್ನೆರಡು ದಿನ?"

"ನವೆಂಬರ್ 6, ಸಂಜಿ 4.10ಕ್ಕ ಅಲ್ಲಿಗೆ ಕಾಪಿ ಹೋಗೂದನ್ನ ಯಾರೋ ಬೇಕಂತ ನಿಲ್ಲಿಸ್ಯಾರ."

"ದಿನಾ ಯಾರೂ ನೋಡೂದಿಲ್ಲ?"

"ನೋಡ್ತಾರ್ರಿ. ಎರಡೂ ಕಡೆ ಕಡೇದಾಗಿ ಬರದ ಟೈಮು ರಜಿಸ್ಟರಿನ್ಯಾಗ ಏರಸ್ತಾರ. ರಾಣೆಬೆನ್ನೂರಿನ್ಯಾಗ ಅದನ್ನ ಬರಿಯಾಕ ದಿಲನಾಜ ಅದಾಳ. ಎಂಟು ವರ್ಷದಾಗ ಒಂದು ತಪ್ಪು ಮಾಡಿದಾಕಿ ಅಲ್ಲ."

ಸ್ಟ್ಯಾಂಡ್‌ಬೈ ಸರ್ವರನ್ನು ಯಾರೂ ಮುಟ್ಟಬಾರದೆಂದು ಶ್ವೇತಾ ಲಿಖಿತ ಸೂಚನೆ ಕೊಟ್ಟರು.

ಮರುದಿನ ಬೆಳಿಗ್ಗೆ 11ಕ್ಕೆ ರಾಣೆಬೆನ್ನೂರು ಶಾಖೆಯಲ್ಲಿ ಪಂಚರ ಮುಂದೆ ರಜಿಸ್ಟರ್ ತೆರೆಯಲಾಯಿತು. ನವೆಂಬರ್ 6ರವರೆಗೆ ರಾಣೆಬೆನ್ನೂರಿನ ಸಮಯ ಹಾವೇರಿಗಿಂತ ಒಂದೆರಡು ಸೆಕೆಂಡು ಹಿಂದಿತ್ತು. ಮುಂದಿನ ಎರಡು ದಿನ ಖಾಲಿ. ಒಂಬತ್ತನೇ ತಾರೀಖಿನಿಂದ, ಒಂದನ್ನು ನೋಡಿ ಇನ್ನೊಂದನ್ನು ಬರೆದಂತೆ, ಎರಡೂ ಸಮಯ ಸೆಕೆಂಡು ತಪ್ಪದೆ ಒಂದೇ.

"ನಮ್ಮ ಮನ್ಯಾಗಿನ ಎರಡು ಗಡಿಯಾರ ಒಂದಿನಾನೂ ಹಿಂಗ ಕೂಡಿಲ್ರಿ ಮೇಡಂ" ಎಂದ ಡಾಕಪ್ಪ.

ಸರ್ವರ್ ಯಾವ ಸ್ಥಿತಿಯಲ್ಲಿದೆ ಎಂದು ಪಂಚನಾಮೆಗೆ ಬರೆಯಲು, ಅದರಲ್ಲಿದ್ದ ಒಳರೋಗಿಗಳ ಪಟ್ಟಿಯನ್ನು ಪರದೆಗೆ ತರಿಸಿದರು. ಡಾಕಪ್ಪ ಗಟ್ಟಿಯಾಗಿ ಓದತೊಡಗಿದ. "ಐಸಿಯು, ಹಾಸಿಗೆ ಮೂರು. ಹೀನಾ, ಒಂಬತ್ತು ವರ್ಷ. ದಾಖಲು."

ಪಕ್ಕದಲ್ಲಿದ್ದ ನರ್ಸ್ ಬಾಯಿಗೆ ಕೈ ಹಿಡಿದಳು. "ಆ ಕೂಸು ಆರನೇ ತಾರೀಖಿಗೇ ತೀರಿಕೊಂಡೈತ್ರಿ. 4.18ಕ್ಕ. ನಾನೇ ಬರದೇನಿ."

ತಾಯಿಯ ಹೆಸರಿನ ಜಾಗದಲ್ಲಿ ದಿಲನಾಜ ಎಂದಿತ್ತು. ಶ್ವೇತಾ ತಿರುಗಿ ನೋಡಿದರು. ಸರ್ವರ್ ಕೋಣೆಯ ಬೀಗದ ಕೈ ಹಿಡಿದು ಬೆಳಗಿನಿಂದ ಅವರ ಹಿಂದೆಯೇ ನಿಂತಿದ್ದ ಹೆಂಗಸು ನೆಲ ನೋಡುತ್ತಿದ್ದಳು.

"4.10ಕ್ಕ ಎಲ್ಲಿದ್ರಿ?"

"ಈ ಕೋಣ್ಯಾಗ."

"ಮಗಳ ಕಡೆ ಯಾರಿದ್ರು?"

"ನಮ್ಮ ಅಮ್ಮಿ ಇದ್ರು. ಡಾಕ್ಟರ್ ನನ್ನ ಕರದು, ಇನ್ನ ಆಗೂದಿಲ್ಲ ಅಂದ್ರು. ನಾ ಇಲ್ಲಿಗೆ ಓಡಿ ಬಂದೆ. ಸಿಸ್ಟರ್ ಒಂದು ಕಡೆ ಬರದರ ಎರಡೂ ಕಡೆ ಹೋಗ್ತಾಳ ನನ್ನ ಮಗಳು. ಒಂದು ಕಡೆನಾರ ಇರ್ಲಿ ಅನಿಸ್ತು."

"ಆಮ್ಯಾಲೆ ಚಾಲೂ ಮಾಡಬೇಕಿತ್ತಲ್ಲ?"

"ದಿನಾ ಮುಂಜಾನೆ ಮಾಡಬೇಕಂತನ ಬರ್ತಿದ್ದೆ. ಹೆಸರು ನೋಡತಿದ್ದೆ. ಇವತ್ತೊಂದಿನ ಇರ್ಲಿ ಅಂತಿದ್ದೆ."

"ಮೈಲವ್ವ ಅನ್ನಾಕಿ ಗೊತ್ತೇನು?"

ದಿಲನಾಜ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. "ನಿನ್ನೆ ಗೊತ್ತಾತ್ರಿ. ಅವರಿಗೂ ಮಕ್ಕಳದಾರೇನು?"

ಮಧ್ಯಾಹ್ನ 3.50ಕ್ಕೆ ಮಹಿಳಾ ಕಾನ್‌ಸ್ಟೇಬಲ್ ಸಮ್ಮುಖದಲ್ಲಿ ಶ್ವೇತಾ ದಿಲನಾಜಳನ್ನು ಬಂಧಿಸಿದರು. ಸರ್ವರಿನ ಡಿಸ್ಕ್ ಕಳಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಹೊಲಿದು, ಅರಗಿನ ಮುದ್ರೆ ಒತ್ತಲಾಯಿತು. ಆ ಬಟ್ಟೆಯ ಮೇಲಿನಿಂದ ಅವಳು ಕಣ್ಣು ತೆಗೆಯಲಿಲ್ಲ.

"ಜಾವೇದಭಾಯಿ ಹಾವೇರಿಯಿಂದ ಮತ್ತ ಕಾಪಿ ಹಾಕ್ತಾರೇನ್ರಿ ಅದರ ಮ್ಯಾಲೆ?"

"ಇಲ್ಲ. ಕೋರ್ಟ್ ಹೇಳೂತನಕ ಯಾರೂ ಮುಟ್ಟಂಗಿಲ್ಲ."

ದಿಲನಾಜ ತಲೆಯಾಡಿಸಿ ತಾನೇ ಜೀಪು ಹತ್ತಿದಳು.

ನವೆಂಬರ್ 21ರ ಬೆಳಿಗ್ಗೆ 7.30ಕ್ಕೆ ಮೈಲವ್ವ ತೀರಿಕೊಂಡಳು. ಪ್ರಕರಣಕ್ಕೆ ಸಾವಿನ ಕಲಂ ಸೇರಿತು. ಕೃತ್ಯಕ್ಕೆ ಕಾರಣ ಎಂಬಲ್ಲಿ ಶ್ವೇತಾ ಬರೆದರು: ಮಗಳ ಮರಣದ ನಮೂದನ್ನು ತಡೆಯುವುದು. ಓದಿ ನೋಡಿದರು. ತಿದ್ದುವುದಕ್ಕೆ ಏನೂ ಸಿಗಲಿಲ್ಲ.

ಬಟ್ಟೆಯ ಗಂಟು ಠಾಣೆಯ ಮುದ್ದೆಮಾಲು ಕೋಣೆಯಲ್ಲಿದೆ. ಅದರೊಳಗೆ ಮೂರನೇ ಹಾಸಿಗೆಯಲ್ಲಿ ಹೀನಾ ಇದ್ದಾಳೆ. ಹದಿನೆಂಟರ ಮುಂಜಾನೆ ಆ ಸರ್ವರೇ ಕೆಲಸ ಹಿಡಿದಿದ್ದಾಗ ದಾಖಲಾದ ಮೈಲವ್ವನೂ ಹಾವೇರಿಯ ವೆಂಟಿಲೇಟರ್ ಹಾಸಿಗೆಯಲ್ಲಿ ಇದ್ದಾಳೆ.