ಡಬ್ಬಿಯೊಳಗಿನ ಹಬೆ

ಅಮೆರಿಕದ ಗಣಿಯೂರು ಸ್ಕ್ರಾಂಟನ್ನಿನಲ್ಲಿ ನಾನೂ ಅಣ್ಣ ರಸೆಲ್ಲನೂ ಬೇಸ್‌ಬಾಲ್ ಕಾರ್ಡುಗಳ, ಅಂದರೆ ಆಟಗಾರರ ಚಿತ್ರವಿರುವ ಸಂಗ್ರಹದ ಕಾರ್ಡುಗಳ, ಅಂಗಡಿ ನಡೆಸುತ್ತೇವೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂಬ ಹಟ ನನಗಿಲ್ಲ.

ಮುದುಕಿ ಬ್ರೋನ್ಯಾ ತನ್ನ ತಾತನ ಚಿತ್ರವಿದ್ದ ಕಾರ್ಡು ಮಾರಲು ತಂದಳು. ಹಿಂದೆ ಸಿಗರೇಟು ಪ್ಯಾಕಿನೊಳಗೆ ಬರುತ್ತಿದ್ದಂಥದ್ದು. ತಾತ ಬೇಸಗೆಯಲ್ಲಿ ಚೆಂಡೆಸೆಯುತ್ತಿದ್ದ, ಚಳಿಗಾಲದಲ್ಲಿ ಕಲ್ಲಿದ್ದಲು ಗಣಿಗೆ ಇಳಿಯುತ್ತಿದ್ದ. ಒಮ್ಮೆ ಗಣಿ ಕುಸಿಯಿತು, ಅವನು ಮೇಲೆ ಬರಲಿಲ್ಲ.

“ಇದನ್ನ ಪ್ಲಾಸ್ಟಿಕ್ಕಲ್ಲಿ ಮುಚ್ಚಬೇಡ್ರಪ್ಪ, ತಾತಂಗೆ ಉಸಿರು ಕಟ್ಟುತ್ತೆ,” ಎಂದಳು.

“ಮುಚ್ಚದೇ ಇರೋ ಕಾರ್ಡನ್ನ ಯಾರೂ ಮೂಸೂ ನೋಡಲ್ಲ ಅಜ್ಜಿ,” ಎಂದು ರಸೆಲ್ ನಕ್ಕ.

ನಮ್ಮ ದಂಧೆಯ ಪದ್ಧತಿಯಂತೆ ಪರಿಣತರಿಗೆ ಕಳಿಸಿ, ದರ್ಜೆ ಹಾಕಿಸಿ, ತೆರೆಯಲಾಗದ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಸೆಸಿ ತರಿಸಿದೆವು. ಡಬ್ಬಿಯ ಒಳಮೈಯಲ್ಲಿ, ತಾತನ ಬಾಯಿಯ ಮುಂದೆ, ಹಬೆ ಕೂತಿತ್ತು. ನೋಡುತ್ತಿದ್ದಂತೆಯೇ ಆರುತ್ತಿತ್ತು, ಮತ್ತೆ ಕೂರುತ್ತಿತ್ತು.

“ಒಳಗೆ ತೇವ ಸೇರಿರಬೇಕು,” ಎಂದ ರಸೆಲ್. ಮಧ್ಯಾಹ್ನದ ಹೊತ್ತಿಗೆ ಹಬೆ ಆರುವುದೂ ಕೂರುವುದೂ ಅವಸರ ಅವಸರವಾಯಿತು. “ನನ್ನ ಕೈಲಿ ನೋಡಕ್ಕಾಗ್ತಿಲ್ಲ ಕಣೋ, ಒಡೆದುಬಿಡು,” ಎಂದ.

ಒಡೆದೆ. ಕಾರ್ಡು ಒಣಗಿಯೇ ಇತ್ತು. ಅಂಗಡಿಯ ತುಂಬ ಕಲ್ಲಿದ್ದಲಿನ ಧೂಳಿನ ವಾಸನೆ ಹೊಡೆಯಿತು.

ಮರುದಿನ ಪಕ್ಕದ ಡಬ್ಬಿಯಲ್ಲಿ ಹಬೆ. ಅದರೊಳಗಿದ್ದದ್ದು ಈ ವರ್ಷದ ಮಿರಮಿರ ಮಿಂಚುವ ಕಾರ್ಡು, ಹೊಸದಾಗಿ ಬಂದ ಹುಡುಗ ಎಸೆತಗಾರನದು. ಅದನ್ನೂ ಒಡೆದೆವು. ಆದರೆ ಆ ಕಾರ್ಡು ಸಾವಿರಗಟ್ಟಲೆ ಅಚ್ಚಾಗಿದೆ, ಊರೂರಿನ ಅಂಗಡಿಗಳಲ್ಲಿ ಹೀಗೇ ಬೆಸೆದು ಇಟ್ಟಿದ್ದಾರೆ.

ಆ ಹುಡುಗ ಬದುಕಿದ್ದಾನೆ. ಈಗ ನಮ್ಮ ಟಿವಿಯಲ್ಲಿ ಆಡುತ್ತಿದ್ದಾನೆ. ಪ್ರತಿ ಎಸೆತಕ್ಕೂ ಮುನ್ನ ಕೊರಳಪಟ್ಟಿ ಹಿಡಿದು ಜಗ್ಗಿಕೊಳ್ಳುತ್ತಿದ್ದಾನೆ.