ನಾಲ್ಕನೇ ಜ್ವರ

ಒಂದಾನೊಂದು ಕಾಲದಲ್ಲಿ, ಅಂದರೆ ಹೋದ ವರ್ಷದ ಜೂನ್ ತಿಂಗಳಲ್ಲಿ, ಹೊಂಗನೂರು ಎಂಬ ಊರಿನಲ್ಲಿ ಅಳು ಮರೆತುಹೋದ ಒಬ್ಬ ಹುಡುಗಿ ಇದ್ದಳು. ಅವಳ ಹೆಸರು ರಕ್ಷಿತಾ.

ಅಳು ಒಂದೇ ಅಲ್ಲ, ನಗುವೂ ಹೋಗಿತ್ತು. ಹಸಿವೂ ಅಷ್ಟಕ್ಕಷ್ಟೆ. ಅಪ್ಪ "ಅರ್ಜಿ ಹಾಕ್ಬುಟ್ಟು ಬಾ ಮಗ" ಅಂದರು, ಅವಳು ರಾಮನಗರದ ಬಸ್ಸು ಹತ್ತಿದಳು. ಯಾವ ಕಾಲೇಜು, ಯಾವ ಕೋರ್ಸು... ಏನಾದರೇನು!

ಸೈಬರ್ ಸೆಂಟರಿನ ತನ್ವೀರ್ ಭಾಯಿ ಅವಳ ಅರ್ಜಿಯನ್ನು ಟಪಟಪನೆ ತುಂಬುತ್ತಿದ್ದರು. ಹಿಂದೆ ಹನ್ನೆರಡು ಜನರ ಸಾಲು.

"ಪಾಸ್‌ವರ್ಡ್ ಏನಿಡ್ಲಿ ಮಾ?"

ರಕ್ಷಿತಾ ದನಿ ತಗ್ಗಿಸಿದಳು. "ಸೊಡರಿ. ಆಮೇಲೆ ಏಳು."

"ಸುಂದರಿ?"

"ಸುಂದರಿ ಅಲ್ಲ ಭಾಯಿ. ಸೊ-ಡ-ರಿ. ಏಳು."

"ಆರು!" ಹಿಂದಿನಿಂದ ಯಾರೋ ಕೂಗಿದರು. "ರೀ, ಆರು ಹಾಕ್ರೀ! ಏಳನೇದು ಇನ್ನೂ ಬಂದೇ ಇಲ್ವಲ್ಲ!"

ರಕ್ಷಿತಾ ತಿರುಗಿ ನೋಡಿದಳು. ತೆಳ್ಳಗೆ ಉದ್ದಕ್ಕಿದ್ದ ಹುಡುಗ. ಹಾಲಿನ ಡೈರಿಯ ಹಳೇ ಕ್ಯಾಲೆಂಡರಿನಲ್ಲಿ ಮಾರ್ಕ್ಸ್ ಕಾರ್ಡ್ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಕೂಗಿದ ಮೇಲೆ ತಾನೇ ಬೆಚ್ಚಿಬಿದ್ದವನಂತೆ ಬಾಯಿ ಮುಚ್ಚಿಕೊಂಡಿದ್ದ.

"ಬೇರೆಯವ್ರ ಪಾಸ್‌ವರ್ಡ್ ಕೇಳಿಸ್ಕೊಳ್ಳಕ್ಕೆ ನಾಚ್ಕೆ ಆಗಲ್ವಾ?"

"ಆಯ್ತದೆ ಕಣ್ರೀ. ಆದ್ರೆ ಸೊಡರಿ ಅಂದ್ಬುಟ್ರಲ್ಲ... ತಡ್ಕಳಕ್ಕೆ ಆಗ್ನಿಲ್ಲ."

ತನ್ವೀರ್ ಭಾಯಿ ಹಣೆ ಚಚ್ಚಿಕೊಂಡರು. "ಅರೇ! ಪಾಸ್‌ವರ್ಡು ಆ ಹುಡ್ಗೀದು, ಜಗಳ ನಿಂದಾ? ಪೂರಾ ಬಜಾರಿಗೇ ಗೊತ್ತಾಯ್ತು. ಬೇರೆ ಹೇಳಮ್ಮಾ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ರಕ್ಷಿತಾಗೆ ನಗು ಬರಲಿಲ್ಲ. ಆದರೆ ಆ ಹುಡುಗನ ಹೆಸರು ಪ್ರಭುಲಿಂಗ ಎಂದೂ, ಊರು ಮಾಗಡಿ ಕಡೆಯ ಸೋಲೂರು ಎಂದೂ ಅವಳು ಕೇಳಿ ತಿಳಿದುಕೊಂಡಳು. ಆರು ತಿಂಗಳಿಂದ ಅವಳು ಯಾರನ್ನೂ ಏನನ್ನೂ ಕೇಳಿರಲಿಲ್ಲ.

'ಹಗಲಿಲ್ಲದ ನಾಡು.' ಅದು ಅವರಿಬ್ಬರೂ ಓದುತ್ತಿದ್ದ ಕಥೆ. ಮಾಯಗಾರನೊಬ್ಬ ಒಂದು ನಾಡಿನ ಹಗಲನ್ನೇ ಕದ್ದೊಯ್ಯುತ್ತಾನೆ. ಅದನ್ನು ಹುಡುಕಿಕೊಂಡು ಸೊಡರಿ ಎಂಬ ಹುಡುಗಿ ಹೊರಡುತ್ತಾಳೆ, ಒಂದೇ ರೆಕ್ಕೆಯ ಗರಿಯಣ್ಣ ಅವಳ ಜೊತೆಗಾರ. ಆರು ಭಾಗ ಬಂದಿದ್ದವು. ಏಳನೆಯದೇ ಕೊನೆಯದು, ಆಗಸ್ಟಿಗೆ ಬರುವುದಿತ್ತು.

ಸರ್ವರ್ ಎದ್ದೇಳುವ ತನಕ ಇಬ್ಬರೂ ಹೊರಗೆ ಟೀ ಹಿಡಿದು ನಿಂತರು.

"ನಿಮ್ ಮನೇಲಿ ಇನ್ಯಾರು ಓದ್ತಾರೆ?" ಪ್ರಭುಲಿಂಗ ಕೇಳಿದ.

"ನಾನು ಓದ್ತೀನಿ. ಅಜ್ಜಿ ಕೇಳ್ತದೆ."

ಮಾತು ಬಾಯಿಂದ ಜಾರಿಬಿಟ್ಟಿತ್ತು. 'ಕೇಳ್ತಿತ್ತು' ಅನ್ನಬೇಕಿತ್ತು...

ಅವಳಜ್ಜಿ ಗಿರಿಜಾಂಬ ತೀರಿಕೊಂಡು ಆರು ತಿಂಗಳಾಗಿತ್ತು. ರೇಷ್ಮೆ ಹುಳಕ್ಕೆ ಸೊಪ್ಪು ಕತ್ತರಿಸುತ್ತಾ, ಮೊಮ್ಮಗಳ ಬಾಯಿಂದ ಆರೂ ಭಾಗ ಕೇಳಿದ್ದ ಮುದುಕಿ. "ಇದೆಲ್ಲ ನಮ್ಮವ್ವ ಹೇಳ್ತಿದ್ದ ಕತೇನೆ ಕಣೇ, ಇವ್ನು ಕದ್ದವ್ನೆ!" ಎಂದು ಬರೆದವನನ್ನೇ ಬೈಯುತ್ತಿದ್ದಳು. ಹಾಸಿಗೆ ಹಿಡಿದ ಮೇಲೆ ಮೊಮ್ಮಗಳ ಕೈ ಹಿಡಿದುಕೊಂಡು ಮಾತು ತೆಗೆದುಕೊಂಡಿದ್ದಳು.

"ಏಳನೇದು ಬಂದ್ಮ್ಯಾಲೆ ನಂಗೆ ಓದಿ ಹೇಳ್ಬೇಕು ಕಣವ್ವ. ಆ ಕೂಸಿಗೆ ಹಗಲು ಸಿಕ್ತಾ ಇಲ್ವಾ ಗೊತ್ತಾಗ್ದೆ ನಾನು ಎಲ್ಗೂ ಹೋಗಾಕಿಲ್ಲ."

"ಓದ್ತೀನಿ ಅಜ್ಜಿ. ನಿನ್ನಾಣೆ."

ಅಜ್ಜಿ ಕಾಯಲಿಲ್ಲ. ಮಣ್ಣಿಗೆ ಹೋದ ದಿನ ಬಂಧುಗಳೆಲ್ಲ "ಅತ್ತುಬುಡು ಮಗ" ಅಂದರು. ಅಳೋಣವೆಂದು ನೋಡಿದಳು. ಒಳಗೆ ತೊಳೆದಿಟ್ಟ ಪಾತ್ರೆಯ ಹಾಗೆ ಖಾಲಿ.

ಸೋಲೂರಿನ ಹುಡುಗನಿಗೆ ಮಾತ್ರ ಇದು ಯಾವುದೂ ಗೊತ್ತಿರಲಿಲ್ಲ. ದಿನಾ ಮೆಸೇಜು ಮಾಡುತ್ತಿದ್ದ.

'ಗರಿಯಣ್ಣ ಒಳ್ಳೆಯವ್ನೋ ಕೆಟ್ಟವ್ನೋ? ಅಜ್ಜೀನ ಒಸಿ ಕೇಳಿ ಹೇಳಿ.'

'ಒಂದ್ ರೆಕ್ಕೆ ಇರೋನ್ನ ನಂಬಬ್ಯಾಡ ಅಂತದೆ ಅಜ್ಜಿ.'

ಅದು ಅಜ್ಜಿ ಹಿಂದೆ ನಿಜವಾಗಿ ಆಡಿದ್ದ ಮಾತು. ಅಂಥ ಮಾತುಗಳು ಮುಗಿದ ಮೇಲೆ ಅವಳೇ ಕಟ್ಟತೊಡಗಿದಳು. ಆ ಫೋನಿನಲ್ಲಿ ಅಜ್ಜಿ ಬದುಕಿದ್ದಳು, ಪ್ರಭುಲಿಂಗನ ಮಾತಿಗೆ ಬೈಯುತ್ತಿದ್ದಳು, ಅವನು ಕಳಿಸಿದ ಕರುವಿನ ಫೋಟೋಕ್ಕೆ "ಗೌರಿ ಅಂತ ಹೆಸ್ರಿಡು" ಅಂದಿದ್ದಳು. ಅವನು ಇಟ್ಟೂಬಿಟ್ಟಿದ್ದ!

ಈಗ ಹೆಂಗೆ ಹೇಳೋದು?

ಜುಲೈ ಕೊನೆಗೆ ಪಟ್ಟಿ ಬಂತು. ಇಬ್ಬರಿಗೂ ರಾಮನಗರದ ಒಂದೇ ಕಾಲೇಜಿನಲ್ಲಿ ಬಿಎಸ್ಸಿ ಸೀಟು. ಫೀಸು ಕಟ್ಟಿ, ಕ್ಯಾಂಟೀನಿನಲ್ಲಿ ಎದುರುಬದುರು ಕೂತಾಗ ಪ್ರಭುಲಿಂಗ ಸಮೋಸವನ್ನು ಬೆರಳಿಂದ ಚುಚ್ಚುತ್ತಾ ಕೂತ.

"ತಿನ್ನಿ. ಅದು ಏನ್ ತಪ್ಪು ಮಾಡ್ತು?"

"ರಕ್ಷಿತಾ... ಮೂರು ವರ್ಷ ನಿಮ್ ಜೊತೆ ಒಂದೇ ಕಾಲೇಜು. ನಂಗಂತೂ ರಾತ್ರಿಯಿಂದ ನಿದ್ದೇನೇ ಇಲ್ಲ. ನೀವಂದ್ರೆ ನಂಗೆ... ಸೋಲೂರಿಂದ ಇಲ್ಲಿಗೆ ಮೂರು ಬಸ್ಸು ಬೇಕಾದ್ರೂ ಬದಲಾಯಿಸ್ಕೊಂಡು ಬತ್ತೀನಿ, ಅಷ್ಟು. ನಿಮ್ಗೆ ಏನನ್ನಿಸ್ತದೆ?"

ಅವಳು ತನ್ನೊಳಗೆ ಇಣುಕಿ ನೋಡಿದಳು. ಸುಳ್ಳು ಹೇಳಬಾರದು ಅನ್ನಿಸಿತು. ಅಜ್ಜಿಯ ವಿಷಯದಲ್ಲಿ ಹೇಳಿದ್ದೇ ಸಾಕು.

"ನಂಗೇನೂ ಅನ್ನಿಸ್ತಿಲ್ಲ," ಅಂದಳು.

ಅವನ ಮುಖ ಸಣ್ಣಗಾಯಿತು. "ಸರಿ ಬುಡಿ," ಅಂದ. ಸಮೋಸ ಅಲ್ಲೇ ಉಳಿಯಿತು.

ಅಯ್ಯೋ ಹುಡುಗಿ! ನಿನ್ನ ಮೇಲೆ ಅಂತಲ್ಲ, ಯಾವುದರ ಮೇಲೂ ಏನೂ ಅನ್ನಿಸುತ್ತಿಲ್ಲ ಎಂದು ಪೂರ್ತಿ ಹೇಳಬಾರದಿತ್ತೇ? ಆದರೆ ಅಷ್ಟುದ್ದದ ಮಾತು ಆಡುವ ಶಕ್ತಿ ಅವಳಲ್ಲಿರಲಿಲ್ಲ.

ಅವತ್ತಿನಿಂದ ಮೆಸೇಜು ನಿಂತಿತು.

ಒಂದು ದಿನ... ನಾಲ್ಕು ದಿನ... ಹನ್ನೆರಡು ದಿನ.

ಹದಿಮೂರನೇ ದಿನ ಬೆಳಗ್ಗೆ ಫೋನು ಗುಂಯ್ ಅಂದಿತು. 'ಏಳನೇದು ಪೋಸ್ಟಲ್ಲಿ ಬಂತು. ಎರಡು ತರಿಸಿದ್ದೆ. ನಾನಿನ್ನೂ ತೆರೆದಿಲ್ಲ. ಒಂದು ಅಜ್ಜಿಗೆ. ರಾಮನಗರಕ್ಕೆ ಬತ್ತೀರಾ? ಕೊಟ್ಬುಟ್ಟು ಹೊಂಟೋಯ್ತೀನಿ, ಬೇರೇನೂ ಮಾತಾಡಲ್ಲ.'

ಪುಸ್ತಕ ಬಂದುಬಿಟ್ಟಿತೇ! ಅದನ್ನು ಓದಿ ಮುಗಿಸಿದರೆ ಅಜ್ಜಿಗೆ ಇಲ್ಲಿ ಕಾಯಲು ಏನು ಉಳಿಯುತ್ತದೆ? ಓದದೇ ಇರುವಷ್ಟು ದಿನ ಅಜ್ಜಿ ಇನ್ನೂ ಎಲ್ಲಿಗೂ ಹೋಗಿಲ್ಲ...

ಅವಳು ಸುತ್ತ ನೋಡಿ, ಕಣ್ಣಿಗೆ ಬಿದ್ದದ್ದನ್ನೇ ನೆಪ ಮಾಡಿದಳು. 'ಮನೇಲಿ ನಾಲ್ಕನೇ ಜ್ವರ. ಬರಕ್ಕಾಗಲ್ಲ.'

ಉತ್ತರ ಬರಲಿಲ್ಲ.

ಮಧ್ಯಾಹ್ನ ಎರಡು ಗಂಟೆಗೆ ಅಪ್ಪ ಮಲ್ಲಿಕಾರ್ಜುನಯ್ಯ ಹುಳದ ಮನೆಯ ಬಾಗಿಲಲ್ಲಿ ನಿಂತು ಕೂಗಿದ್ದು ಬೀದಿಗೆಲ್ಲ ಕೇಳಿಸಿತು.

"ಯಾರ್ಲಾ ಅದು! ಒಳೀಕೆ ಕಾಲಿಡಬ್ಯಾಡ! ಹುಳ ಐತೆ!"

ರಕ್ಷಿತಾ ಓಡಿಬಂದಳು. ಅಂಗಳದಲ್ಲಿ ಪ್ರಭುಲಿಂಗ! ಹೆಗಲ ಮೇಲೆ ಎಳನೀರಿನ ಗೊನೆ, ಕೈಯಲ್ಲಿ ಒಂದು ಹೊರೆ ಪರಂಗಿ ಎಲೆ, ಮುಖದ ತುಂಬ ಬೆವರು.

"ಅಜ್ಜಿ ಹೆಂಗವ್ರೆ?" ಏದುಸಿರು ಬಿಡುತ್ತಾ ಕೇಳಿದ. "ನಾಲ್ಕೂ ಜನ ಡೆಂಗ್ಯೂನಾ? ಮೊದ್ಲು ಯಾರಿಗೆ ಬಂತು? ನೀವ್ಯಾಕೆ ಎದ್ದು ಓಡಾಡ್ತಿದ್ದೀರಿ? ಪರಂಗಿ ಎಲೆ ರಸ ಕುಡಿದ್ರೆ ಪ್ಲೇಟ್ಲೆಟ್ ಏರ್ತವೆ..."

ಮಲ್ಲಿಕಾರ್ಜುನಯ್ಯನವರು ಪರಂಗಿ ಎಲೆ ನೋಡಿದರು. ಮಗಳನ್ನು ನೋಡಿದರು. ಅವರಿಗೆ ನಗು ಒತ್ತಿಕೊಂಡು ಬಂತು.

"ಅಯ್ಯೋ ನಿನ್ನ! ಯಾವೂರಪ್ಪ ನಿಂದು?"

"ಸೋಲೂರು."

"ಅದ್ಕೆ! ತೆಂಗಿನ ಸೀಮೆಯೋನು. ಜ್ವರ ನಮ್ಗಲ್ಲ ಕಣಪ್ಪ, ಹುಳಕ್ಕೆ. ಜ್ವರ ಅಂದ್ರೆ ಕಾಯ್ಲೆನೂ ಅಲ್ಲ. ಪೊರೆ ಬುಡೋ ಮೊದ್ಲು ಸೊಪ್ಪು ಮುಟ್ಟಾಕಿಲ್ಲ, ಅಲ್ಲಾಡಾಕಿಲ್ಲ, ತಲೆ ಎತ್ಕಂಡು ಸುಮ್ಕೆ ಕೂರ್ತವೆ. ನೋಡ್ದೋರು ಸತ್ತೋದ್ವು ಅನ್ಕಬೇಕು. ಹುಟ್ಟಿದ್ಮ್ಯಾಲೆ ನಾಕ್ ಸಲ ಹಂಗಾಯ್ತದೆ. ಇದು ನಾಕನೇದು."

ಪ್ರಭುಲಿಂಗ ಪೆಚ್ಚಾದ. "ಹಂಗಾರೆ... ತುಂಬಾ ಕೆಲ್ಸ ಇರ್ತದೆ ಅಂತ ಬರ್ನಿಲ್ವಾ ಇವ್ರು?"

"ಎಲ್ಲಿ ಕೆಲ್ಸ! ಸೊಪ್ಪು ಹಾಕಂಗೇ ಇಲ್ವಲ್ಲ. ಜ್ವರದ ದಿನ ನಮ್ಗೆ ರಜಾ ಇದ್ದಂಗೆ."

ರಕ್ಷಿತಾ ತಲೆ ತಗ್ಗಿಸಿದಳು. ಪ್ರಭುಲಿಂಗ ಅವಳನ್ನೇ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟ. ಮೆಲ್ಲಗೆ ಗೊನೆ ಇಳಿಸಿ ಚೀಲದಿಂದ ಪುಸ್ತಕ ತೆಗೆದ.

"ಸರಿ. ಇದನ್ನ ಅಜ್ಜಿ ಕೈಗೆ ಕೊಟ್ಟು ಹೊಂಟೋಯ್ತೀನಿ. ಎಲ್ಲವ್ರೆ?"

ಅಪ್ಪ ಬಾಗಿಲು ಎಳೆದುಕೊಂಡು ಅಂಗಳಕ್ಕೆ ಇಳಿದರು.

"ಅವ್ವ ಹೋಗಿ ಎಂಟು ತಿಂಗ್ಳು ಆಯ್ತಾ ಬಂತಲ್ಲಪ್ಪ," ಅಂದರು ಮಲ್ಲಿಕಾರ್ಜುನಯ್ಯ.

ಪ್ರಭುಲಿಂಗ ಬೆರಳು ಮಡಚಿ ಎಣಿಸಿದಂತೆ ಕಂಡಿತು. ಜೂನು, ಜುಲೈ, ಆಗಸ್ಟು...

"ಗೌರಿ ಅಂತ ಹೆಸ್ರಿಟ್ಟಿದ್ದು?"

"ನಾನು," ಅಂದಳು ರಕ್ಷಿತಾ. ಅವಳ ದನಿ ಹಲಗೆಯ ಹಾಗೆ ಚಪ್ಪಟೆಯಾಗಿತ್ತು. "ಎಲ್ಲಾ ನಾನೇ. ಅಜ್ಜಿಗೆ ಓದಿ ಹೇಳ್ತೀನಿ ಅಂತ ಮಾತು ಕೊಟ್ಟಿದ್ದೆ. ಓದಿದ್ರೆ ಅಜ್ಜಿ ಪೂರ್ತಿ ಹೊಂಟೋಗ್ಬುಡ್ತದೆ ಅಂತ... ಬೈಯಿರಿ. ಏನ್ ಬೇಕಾದ್ರೂ ಅನ್ನಿ. ನಂಗೇನೂ ಅನ್ನಿಸಲ್ಲ. ಎಂಟು ತಿಂಗಳಿಂದ ನಂಗೆ ಏನೂ ಅನ್ನಿಸ್ತಾನೇ ಇಲ್ಲ."

ಕ್ಯಾಂಟೀನಿನ ಆ ಮಾತಿನ ಉಳಿದರ್ಧ ಪ್ರಭುಲಿಂಗನಿಗೆ ಸಿಕ್ಕಿತು. ಅವನು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

"ಅಜ್ಜಿ ಎಲ್ಲಿ ಮಲಗವ್ರೆ?" ಎಂದಷ್ಟೇ ಕೇಳಿದ.

ಅಪ್ಪ ಹಿಪ್ಪುನೇರಳೆ ತೋಟದ ಕಡೆ ಕೈ ತೋರಿಸಿದರು. "ಹೋಗವ್ವ. ಅವ್ವುನ್ಗೆ ಕೊಟ್ಟ ಮಾತು. ನಾನು ಅಲ್ಲೇ ಬದೀನಲ್ಲಿ ನಾಳೀಕೆ ಸೊಪ್ಪು ಕುಯ್ತಾ ಇರ್ತೀನಿ." ಮತ್ತೆ ಹುಡುಗನ ಕಡೆ ತಿರುಗಿ, "ಕಾಲೇಜು ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಗೊನೆ ಹೊತ್ಕಂಡು ಬಂದವ್ನೆ!" ಎಂದು ಗೊಣಗಿದರು.

ತೋಟದ ಮೂಲೆಯಲ್ಲಿ ಅಜ್ಜಿಯ ಸಮಾಧಿ. ಮೇಲೊಂದು ಪುಟ್ಟ ಕಲ್ಲಿನ ಲಿಂಗ. ರಕ್ಷಿತಾ ಮಣ್ಣಿನ ಪಕ್ಕ ಕೂತಳು. ಪ್ರಭುಲಿಂಗ ಹತ್ತು ಮಾರು ದೂರ ಬದುವಿನ ಮೇಲೆ ಕೂತ. ಅವಳು ಪುಸ್ತಕ ತೆರೆದು ಮೊದಲ ಪ್ಯಾರಾ ಓದಿದಳು. ಪಂಚಾಯ್ತಿ ನೋಟಿಸು ಓದುವ ದನಿಯಲ್ಲೇ.

ಓದಿ ನಿಲ್ಲಿಸಿದಳು. ಮುಂದಕ್ಕೆ ಹೋಗಲಿಲ್ಲ.

"ಯಾಕೆ?" ಅಂದ ಪ್ರಭುಲಿಂಗ.

"ಅಜ್ಜಿ ಇಲ್ಲಿ ಹೂಂ ಅಂತಿತ್ತು. ಹೂಂಗುಟ್ಟದೇ ಇದ್ರೆ ಕತೆ ಹೇಳ್ಬಾರ್ದು. ಹೇಳಿದ್ರೆ ಕತೆ ದಾರಿ ತಪ್ತದಂತೆ."

ಗಾಳಿ ಕೂಡ ಇರಲಿಲ್ಲ. ದೂರದಲ್ಲಿ ಅಪ್ಪನ ಕುಡುಗೋಲಿನ ಸರಸರ ಸದ್ದು. ಅವಳು ಪುಸ್ತಕ ಮುಚ್ಚಲು ಹೊರಟಳು.

"ಹೂಂ," ಅಂದ ಪ್ರಭುಲಿಂಗ.

ಅವಳು ತಿರುಗಿ ನೋಡಿದಳು. ಅವನು ಅವಳನ್ನು ನೋಡುತ್ತಿರಲಿಲ್ಲ. ಕಣ್ಣು ಮುಚ್ಚಿ, ಕತೆ ಕೇಳುವವರ ಹಾಗೆ ತಲೆ ವಾಲಿಸಿದ್ದ.

ಅವಳು ಎರಡನೇ ಪ್ಯಾರಾ ಓದಿದಳು.

"ಹೂಂ."

ಮೂರನೇದು.

"ಹೂಂ... ಆಮೇಲೆ?"

ಮುನ್ನೂರ ಹನ್ನೆರಡು ಪುಟದ ಪುಸ್ತಕ, ಒಂದು ದಿನಕ್ಕೆ ಮುಗಿಯುವಂಥದ್ದಲ್ಲ. ಮಾರನೇ ದಿನ ಪೊರೆ ಬಿಟ್ಟು ಹುಳ ಎದ್ದವು. ಹಸಿದ ಹುಳಕ್ಕೆ ಸೊಪ್ಪು ಹೊತ್ತೂ ಹೊತ್ತೂ ಮನೆಯವರಿಗೆ ಸೊಂಟ ಬಿತ್ತು. ಆದರೂ ಪ್ರತಿ ಭಾನುವಾರ ಪ್ರಭುಲಿಂಗ ಸೋಲೂರಿಂದ ಬಸ್ಸು ಬದಲಾಯಿಸಿಕೊಂಡು ಬಂದ. ತೋಟದಲ್ಲಿ ಹೂಂಗುಟ್ಟಿದ. ಮೂರನೇ ಭಾನುವಾರದ ಹೊತ್ತಿಗೆ ರೇಷ್ಮೆ ಗೂಡು ಮಾರ್ಕೆಟ್ಟಿಗೆ ಹೋಗಿಯಾಗಿತ್ತು, ಕಾಲೇಜೂ ಶುರುವಾಗಿತ್ತು. ಹತ್ತು ಮಾರಿನ ದೂರ ಐದಾಗಿತ್ತು, ಆಮೇಲೆ ಒಂದು. ಅಪ್ಪ ಕುಡುಗೋಲು ಹಿಡಿದು ಬರುವುದನ್ನು ಬಿಟ್ಟು, ತಾವೂ ಒಂದು ಕಡೆ ಕೂತು ಕೇಳಿಸಿಕೊಳ್ಳುತ್ತಿದ್ದರು. "ಆ ಗರಿಯಣ್ಣ ಮುಂಡೇದು ಏನೋ ಮಸಲತ್ತು ಮಾಡ್ತೈತೆ," ಎಂದು ಒಮ್ಮೆ ರೇಗಿಯೂ ಬಿಟ್ಟರು.

ಐದನೇ ಭಾನುವಾರ ಕೊನೇ ಅಧ್ಯಾಯ ಉಳಿದಿತ್ತು. ಅಪ್ಪ ಚನ್ನಪಟ್ಟಣಕ್ಕೆ ಹೋಗಿದ್ದರು. ರಕ್ಷಿತಾ ಪುಟದ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ಕೂತಳು.

"ಓದಿ," ಅಂದ ಪ್ರಭುಲಿಂಗ.

"ಒಂದ್ ಮಾತು. ಆ ದಿನ ನೀವು ಕೇಳಿದ್ರಲ್ಲ..."

"ಈಗ ಬ್ಯಾಡ ಬುಡಿ. ಕತೆ ಮುಗೀಲಿ."

"ಕೇಳಿ ಒಸಿ! ನಂಗೆ ಈಗ್ಲೂ ಸರಿಯಾಗಿ ಏನೂ ಅನ್ನಿಸಲ್ಲ. ಸಕ್ರೆ ಹಾಕ್ದೇ ಕಾಫಿ ಕೊಟ್ರೂ ಕುಡೀತೀನಿ. ಆದ್ರೆ ನಿಮ್ ಮೆಸೇಜು ಹನ್ನೆರಡು ದಿನ ಬರ್ನಿಲ್ಲ. ನಾನು ಎಣಿಸಿದ್ದೀನಿ. ಬೇರೆ ಯಾವ್ದನ್ನೂ ಎಣಿಸ್ನಿಲ್ಲ ಈ ವರ್ಷ, ಅದೊಂದೇ. ಅದಕ್ಕೇನಂತಾರೋ ನಂಗೊತ್ತಿಲ್ಲ."

ಪ್ರಭುಲಿಂಗನ ಕಿವಿ ಕೆಂಪಾದವು.

"ಸೋಲೂರಲ್ಲಿ ಅದಕ್ಕೆ ಒಂದ್ ಹೆಸ್ರೈತೆ," ಅಂದ. "ಹೊಂಗನೂರಲ್ಲಿ ಅದನ್ನೂ ಜ್ವರ ಅಂತೀರೇನೋ!"

ಅವಳ ತುಟಿಯ ಒಂದು ಕೊನೆ ಮಾತ್ರ ಅಲ್ಲಾಡಿತು. ಅವನಿಗೆ ಅಷ್ಟೇ ಸಾಕಾಯಿತು.

"ಇವತ್ತು ಯಾವ ಬಸ್ಸು?"

"ನಾಲ್ಕೂವರೇದು."

"ಅದಕ್ಕೆ ಹೋಗಬ್ಯಾಡಿ. ಆರಕ್ಕೊಂದೈತೆ."

"ಹೋಗಲ್ಲ. ಓದಿ."

ಅವಳು ಓದಿದಳು. ಸೊಡರಿ ಕೊನೆಯ ಕೋಟೆಯ ಬಾಗಿಲಿಗೆ ಬಂದಳು. ಗರಿಯಣ್ಣ ತನ್ನ ಒಂದೇ ರೆಕ್ಕೆಯನ್ನೂ ಕಿತ್ತು ಅವಳ ಕೈಗೆ ಕೊಟ್ಟ. ಹಗಲು ಒಂದು ಹಳೇ ಮಡಕೆಯೊಳಗಿತ್ತು. ಅದನ್ನು ಹೊರಗೆ ಬಿಟ್ಟಾಗ ನಾಡಿನ ಕೋಳಿಗಳಿಗೆ ಕೂಗುವುದೇ ಮರೆತುಹೋಗಿತ್ತು, ಒಂದು ಮುದಿ ಹುಂಜಕ್ಕೆ ಮಾತ್ರ ನೆನಪಿತ್ತು. ಅಲ್ಲಿ ಅವಳ ದನಿ ಒಡೆಯಿತು. ಸೊಡರಿಗಲ್ಲ, ಗರಿಯಣ್ಣನಿಗಲ್ಲ, ಆ ಮುದಿ ಹುಂಜಕ್ಕೆ! ಯಾಕೆಂದು ಅವಳಿಗೂ ತಿಳಿಯಲಿಲ್ಲ. ದುಪಟ್ಟಾದ ತುದಿಯಿಂದ ಮುಖ ಒರೆಸಿಕೊಂಡಳು.

"ನೆಗಡಿ," ಅಂದಳು.

"ಹೂಂ," ಅಂದ ಪ್ರಭುಲಿಂಗ. ತನ್ನ ಟವೆಲು ಅವಳ ಕಡೆ ಸರಿಸಿ, ತೋಟದ ಆಚೆ ನೋಡುತ್ತಾ ಕೂತ.

ಅವಳು ಮತ್ತೆ ಪುಸ್ತಕ ಎತ್ತಿಕೊಂಡಳು. ಎರಡು ಪುಟ. ಒಂದು ಪುಟ. ಕೊನೆಯ ನಾಲ್ಕು ಸಾಲನ್ನು ನಿಧಾನವಾಗಿ, ಅಜ್ಜಿಯ ಮಂದ ಕಿವಿಗೂ ಕೇಳುವಷ್ಟು ಜೋರಾಗಿ ಓದಿದಳು.

"ಸಿಕ್ತು ಕಣಜ್ಜಿ," ಅಂದಳು ಮಣ್ಣಿನ ಕಡೆ ಬಾಗಿ. "ಹಗಲು ಸಿಕ್ತು. ಕತೆ ಮುಗೀತು."

ಪ್ರಭುಲಿಂಗ ಕಾದ. ಅವಳು ತಲೆಯೆತ್ತಿ ಅವನನ್ನೇ ನೋಡುತ್ತಿದ್ದಳು.

"ಹೂಂ," ಅಂದ.